ಅಂಗಳ ಮುಚ್ಚುವ ಮುನ್ನ

ಮಲ್ಪೆಯಿಂದ ಸೇತುವೆ ದಾಟಿ ಪಡುಕೆರೆಗೆ ಇಳಿದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ನಡುವಿನ ಮರಳ ಪಟ್ಟಿಯಲ್ಲಿ ತೆಂಗು, ತೆಂಗಿನ ಅಡಿಯಲ್ಲಿ ಹಂಚಿನ ಮನೆಗಳು. ಉಡುಪಿ ಕರಾವಳಿಯ ಇಂಥ ಹಳೆಯ ಕೇರಿಗಳ ನಡುನಡುವೆ ಈಗ ಪಾಗಾರದಿಂದ ಪಾಗಾರಕ್ಕೆ ಹಬ್ಬಿದ ತಾರಸಿ ಮನೆಗಳು ಏಳುತ್ತಿವೆ. ಸಂಖ್ಯೆ ಇನ್ನೂ ಹೆಚ್ಚಿಲ್ಲ. ಆದ್ದರಿಂದಲೇ ಈ ಮಾತು ಈಗ.

ದೊಡ್ಡ ಮನೆ ಕಟ್ಟಿದವರನ್ನು ಹಳಿಯುವುದು ಸುಲಭ. ಆದರೆ ಮುಂಬೈಯ ಹೋಟೆಲಿನಲ್ಲೋ ಗಲ್ಫಿನಲ್ಲೋ ದುಡಿದವನು ತಾಯಿಯನ್ನು ಸೋರುವ ಮಾಡಿನ ಕೆಳಗೆ ಬಿಟ್ಟಾನೆಯೇ? ಹಂಚು ಜಾರಿದರೆ ಮೇಲೆ ಹತ್ತಿ ಸರಿಪಡಿಸುವವರೂ ಈಗ ಸಿಗುವುದು ಕಷ್ಟ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದು, ಮುಳಿಹುಲ್ಲಿನ ಮಾಡುಗಳು ಮರೆಯಾಗತೊಡಗಿದಾಗಲೂ ಊರು ಕೆಟ್ಟಿತೆಂದು ಯಾರೋ ಗೊಣಗಿರಬೇಕು. ಒಂದೇ ವ್ಯತ್ಯಾಸ: ಹಂಚಿನ ಮೇಲೆ ಬಿದ್ದ ಮಳೆ ಅಂಗಳಕ್ಕೇ ಇಳಿಯುತ್ತಿತ್ತು.

ಇಂಥ ಮರಳ ಪಟ್ಟಿಯಲ್ಲಿ ಬಾವಿಯ ಸಿಹಿನೀರು ಬಹುಪಾಲು ಮಳೆಯದೇ. ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿಕೊಂಡು ನಿಂತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತರೆ, ಕೆಳಗೆ ಸುಮಾರು 40 ಅಡಿಯವರೆಗೆ ಉಪ್ಪನ್ನು ತಳ್ಳಿಟ್ಟಿರುತ್ತದೆ ಎಂಬುದು ಭೂಜಲ ತಜ್ಞರ ಹಳೆಯ ಲೆಕ್ಕ. ಲೆಕ್ಕ ತಿರುಗಿದರೂ ಅಷ್ಟೇ: ಮೇಲೆ ಅರ್ಧ ಅಡಿ ಇಳಿದರೆ ಕೆಳಗೆ ಉಪ್ಪು 20 ಅಡಿ ಏರುತ್ತದೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ತಾರಸಿಯ ನೀರನ್ನು ಪೈಪಿನಲ್ಲಿ ರಸ್ತೆಗೆ ಬಿಟ್ಟು, ನಾಲ್ಕು ಬಚ್ಚಲಿಗೆ ಪಂಪು ಹೂಡಿದರೆ ಮೊದಲು ಸವುಳಾಗುವುದು ಆ ಮನೆಯ ಬಾವಿಯೇ ಆಗಬೇಕೆಂದಿಲ್ಲ. ಪಕ್ಕದ ಹಂಚಿನ ಮನೆಯದೂ ಆಗಬಹುದು. ಅವರಿಗೆ ಟ್ಯಾಂಕರ್ ತರಿಸಲು ಗಲ್ಫಿನ ದುಡ್ಡಿರುವುದಿಲ್ಲ.

ನಿಯಮ ಇಲ್ಲವೆಂದಲ್ಲ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಇದೆ. ಗ್ರಾಮೀಣ ದಡದಲ್ಲಿ ಸ್ಥಳೀಯರ ಮನೆಗೆ 9 ಮೀಟರ್ ಎತ್ತರ, ಎರಡು ಅಂತಸ್ತಿನ ಮಿತಿ ಇದೆ. ಭರತರೇಖೆಯಿಂದ 200 ಮೀಟರ್ ಒಳಗೆ ಸ್ಥಳೀಯರ ಬಳಕೆಗಲ್ಲದೆ ಅಂತರ್ಜಲ ಎತ್ತುವಂತಿಲ್ಲ. ಮನೆ ಹೋಮ್‌ಸ್ಟೇ ಆದ ದಿನ ಆ ಬಳಕೆ ಯಾರದು ಎಂದು ಕೇಳುವವರು ಮಾತ್ರ ಬೇಕು. ಇನ್ನು ಸೆಟ್‌ಬ್ಯಾಕ್: ಇಂಟರ್‌ಲಾಕ್ ಹಾಸಿದ ಜಾಗವೂ ಕಾಗದದಲ್ಲಿ ಖಾಲಿ ಜಾಗವೇ. ಮನೆಯನ್ನು ಅಳೆಯುವ ಟೇಪು ಮಣ್ಣನ್ನು ಅಳೆಯುವುದಿಲ್ಲ.

ಪಂಚಾಯತಿಗೆ ಇದು ಅಸಾಧ್ಯದ ಕೆಲಸವಲ್ಲ. ಲೈಸೆನ್ಸ್ ಕೊಡುವಾಗ ಎರಡು ಷರತ್ತು ಹಾಕಲಿ: ಬಿಟ್ಟ ಜಾಗದ ಅರ್ಧವಾದರೂ ಬರಿ ಮಣ್ಣಾಗಿರಬೇಕು, ತಾರಸಿಯ ನೀರು ಸೋಸಿ ಬಾವಿಗೆ ಇಳಿಯಬೇಕು. ಕೇರಿಯ ಬಾವಿಗಳ ನೀರನ್ನು ಪ್ರತಿ ಏಪ್ರಿಲ್‌ನಲ್ಲಿ ಪರೀಕ್ಷಿಸಿ ಉಪ್ಪಿನ ಪ್ರಮಾಣವನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಮಳೆ ಬಿಟ್ಟ ಮೇಲೆ ಹೊಸ ಅಡಿಪಾಯಗಳ ಕೆಲಸ ಶುರುವಾಗುತ್ತದೆ. ಷರತ್ತು ಅದಕ್ಕೆ ಮೊದಲೇ ಬರಬೇಕು. ಒಮ್ಮೆ ಗೃಹಪ್ರವೇಶವಾದ ಮನೆಯ ಅಂಗಳದಿಂದ ಇಂಟರ್‌ಲಾಕ್ ಕೀಳಿಸಿದ ಪಂಚಾಯತಿಯನ್ನು ನಾವಂತೂ ಕಂಡಿಲ್ಲ.