ಬಂದು ಹೋಗುವ ನೋವು ನೆಪವಲ್ಲ



ಈ ಸಲ ಅಡಿಗೆಮನೆಯ ಮಾತು ಬದಿಗಿಟ್ಟು, ನಾನು ಮಾಡಿದ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಅತ್ತೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸೋತವು. ನಿಧಾನವಾಗಿ ಕೋಲು ಹಿಡಿದು ಓಡಾಡುವಂತಾದರು. ಎಂಟು ತಿಂಗಳಾದ ಮೇಲೆ ಹೊಸ ಕಾಟ ಶುರುವಾಯಿತು. ಜಪ ಮಾಡುತ್ತಾ ಕೂತವರು ಇದ್ದಕ್ಕಿದ್ದಂತೆ, "ಅಯ್ಯೋ, ಎಡಗೈಗೆ ಕೆಂಡ ಇಟ್ಟ ಹಾಗಾಗತ್ತೆ ಕಣೇ" ಎಂದು ಕೂಗುವರು. ನಾನು ಒಲೆ ಆರಿಸಿ ಓಡಿಬರುವಷ್ಟರಲ್ಲಿ ನೋವು ಮಾಯ! ಎಣ್ಣೆ ತಿಕ್ಕಿದ್ದಾಯಿತು, ಶಾಖ ಕೊಟ್ಟದ್ದಾಯಿತು, ನೋವಿನ ಮಾತ್ರೆಯೂ ಆಯಿತು. ಕೊನೆಗೆ ನಮ್ಮ ಯಜಮಾನರ ಹತ್ತಿರ, "ಯಾರಾದರೂ ಪಕ್ಕದಲ್ಲೇ ಇರಲಿ ಅಂತ ನಿಮ್ಮಮ್ಮನ ನೆಪ" ಅಂದುಬಿಟ್ಟೆ. ಅದು ಅತ್ತೆಯ ಕಿವಿಗೂ ಬಿತ್ತು. ಆಮೇಲೆ ಅವರು ಕೂಗುವುದನ್ನೇ ಬಿಟ್ಟರು.

ಒಂದು ದಿನ ಬಡಿಸುವಾಗ ನೋಡುತ್ತೇನೆ, ಅತ್ತೆಯ ಕಣ್ಣು ತುಂಬಿದೆ, ಎಡಗೈ ಬೆರಳು ತಾವಾಗಿ ಅದುರುತ್ತಿವೆ. ಅಂದಿನಿಂದ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಗುರುತು ಹಾಕಿದೆ. 15 ದಿನದಲ್ಲಿ 9 ಸಲ. ಪ್ರತಿಸಲವೂ ಬೆರಳಲ್ಲಿ ಶುರು, ಮೊಣಕೈವರೆಗೆ ಏರಿ, ಒಂದೆರಡು ನಿಮಿಷಕ್ಕೆ ಮುಗಿಯಿತು.

ನರರೋಗದ ಡಾಕ್ಟರು ಅದನ್ನು ನೋಡಿ, ಪರೀಕ್ಷೆ ಮಾಡಿಸಿ, "ಇದು ಫಿಟ್ಸ್" ಅಂದರು. ಬೀಳಲಿಲ್ಲ, ನೊರೆ ಬರಲಿಲ್ಲ, ಎಚ್ಚರ ತಪ್ಪಲಿಲ್ಲ, ಇದೆಂಥ ಫಿಟ್ಸು! ಅವರು ಬಿಡಿಸಿ ಹೇಳಿದರು: ಲಕ್ವದಿಂದ ಮಿದುಳಿನಲ್ಲಿ ಗಾಯದ ಕಲೆ ಉಳಿಯುತ್ತೆ. ಅಲ್ಲಿ ಆಗಾಗ ವಿದ್ಯುತ್ತಿನ ಕಿಡಿ ಹಾರಿದಂತಾಗಿ ಫಿಟ್ಸ್ ಬರಬಹುದು. ಕೈಕಾಲು ಆಡಿಸುವ ಭಾಗದಲ್ಲಾದರೆ ಅದುರುತ್ತೆ. ಸ್ಪರ್ಶ ತಿಳಿಯುವ ಭಾಗದಲ್ಲಾದರೆ ಜುಮ್ಮೆನ್ನುತ್ತೆ, ಅಪರೂಪಕ್ಕೆ ಹೀಗೆ ಉರಿಯುತ್ತೆ. ಲಕ್ವದ ನಂತರ ದಿನವಿಡೀ ಕಾಡುವ ನೋವು ಬೇರೆ, ಭುಜ ಹಿಡಿದುಕೊಳ್ಳುವುದು ಬೇರೆ. ಇ.ಇ.ಜಿ. ಸರಿಯಿದ್ದರೂ ಫಿಟ್ಸ್ ಇರಬಹುದಂತೆ. ಅದಕ್ಕೇ ಮನೆಯವರು ಕಣ್ಣಾರೆ ಕಂಡದ್ದಕ್ಕೆ ಬೆಲೆ.

ಆದ್ದರಿಂದ ಸೋದರಿಯರೇ, ಲಕ್ವ ಆದವರಿಗೆ ಒಂದೇ ಜಾಗದಲ್ಲಿ, ಒಂದೇ ರೀತಿ ನೋವು ಬಂದು ಹೋಗುತ್ತಿದ್ದರೆ ಹೊತ್ತು, ಜಾಗ, ಎಷ್ಟು ನಿಮಿಷ ಎಂದು ಬರೆದಿಡಿ. ಮೊಬೈಲಿನಲ್ಲಿ ವಿಡಿಯೋ ತೆಗೆದರೆ ಇನ್ನೂ ಒಳ್ಳೆಯದು. ಕೈಗೆ ಕಬ್ಬಿಣ, ಬಾಯಿಗೆ ಚಮಚ ಬೇಡ. ಫಿಟ್ಸ್ 5 ನಿಮಿಷ ಮೀರಿದರೆ, ಎಚ್ಚರ ತಪ್ಪಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಮತ್ತೆ ಸೋತರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಫಿಟ್ಸಿನ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು.

ಮಾತ್ರೆ ಶುರುವಾದ ಮೇಲೆ ಒಂದು ತಿಂಗಳಲ್ಲಿ ಎರಡೇ ಗುರುತು. "ತಪ್ಪಾಯ್ತು ಅತ್ತೆ" ಎಂದೆ. "ಹೋಗ್ಲಿ ಬಿಡೇ, ನಂಗೇ ತಿಳೀದ್ದು ನಿಂಗೆ ಹ್ಯಾಗೆ ತಿಳೀಬೇಕು? ಕಾಫಿ ಕೊಡು" ಎಂದರು.