ದಂತ ವೈದ್ಯರಿಗೆ ಕೆಲಸವಿಲ್ಲ, ಹಲ್ಲುನೋವಿಗೆ ವೈದ್ಯರಿಲ್ಲ!

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ವಿಧಿಯ ಆಟವನ್ನು ಕುರಿತು. ಇಂದು ನಮ್ಮ ರಾಜ್ಯದಲ್ಲಿ ಹಲ್ಲಿನ ವಿಚಾರದಲ್ಲೇ ನಡೆಯುತ್ತಿರುವುದು ವಿಧಿಯ ಆಟವಲ್ಲ. ಸರ್ಕಾರವೂ ಬಂಡವಾಳಗಾರರೂ ಕೂಡಿ ಆಡುತ್ತಿರುವ ಆಟ. ಐದು ವರ್ಷ ಓದಿ ದಂತ ವೈದ್ಯರಾದ ಹುಡುಗ ಹುಡುಗಿಯರು ಕೆಲಸ ಕೇಳಿಕೊಂಡು ಬೆಂಗಳೂರಿನ ಬೀದಿ ಬೀದಿ ಅಲೆಯುತ್ತಿದ್ದಾರೆ. ಅದೇ ರಾತ್ರಿ ಹಳ್ಳಿಯ ಕೂಲಿಗಾರ ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಹುಳುಕು ಹಲ್ಲಿಗೆ ತುಂಬಿಕೊಂಡು, ಕೆನ್ನೆ ಹಿಡಿದು ಬೆಳಗಾಗುವುದನ್ನೇ ಕಾಯುತ್ತಿದ್ದಾನೆ.

ಇದಕ್ಕೆ ದೊಡ್ಡವರ ಬಳಿ ಒಂದು ಸಿದ್ಧ ಉತ್ತರವಿದೆ. ಈ ಕಾಲದ ಹುಡುಗರಿಗೆ ಸೇವಾ ಮನೋಭಾವವಿಲ್ಲವಂತೆ. ಪಟ್ಟಣದ ಷೋಕಿಗೆ ಬಿದ್ದು ಹಳ್ಳಿಗೆ ಹೋಗಲು ಒಲ್ಲರಂತೆ. ಸಭೆ ಸಮಾರಂಭಗಳಲ್ಲಿ ಹಾರ ಹಾಕಿಸಿಕೊಂಡು ಈ ಉಪದೇಶ ಮಾಡುವ ಮಹನೀಯರನ್ನು ನಾವು ಕೇಳುತ್ತೇವೆ: ಹಳ್ಳಿಗೆ ಹೋಗಿ ಆ ಹುಡುಗ ಎಲ್ಲಿ ಕೂರಬೇಕು? ಅವನಿಗೆ ಅಲ್ಲಿ ಹುದ್ದೆ ಇಟ್ಟಿದ್ದೀರಾ?

ಲೆಕ್ಕ ನೋಡೋಣ. ಕೇಂದ್ರ ಸರ್ಕಾರದ ಸಾರ್ವಜನಿಕ ಆರೋಗ್ಯ ಮಾನದಂಡದ ಪ್ರಕಾರ ಸಮುದಾಯ ಆರೋಗ್ಯ ಕೇಂದ್ರಕ್ಕೆ ಒಬ್ಬ ದಂತ ವೈದ್ಯರಿರಬೇಕು. ಬಯಲು ಸೀಮೆಯಲ್ಲಿ ಅಂತಹ ಒಂದು ಕೇಂದ್ರ 1,20,000 ಜನರಿಗೆ. ಅದರ ಕೆಳಗೆ 30,000 ಜನರಿಗೊಂದರಂತೆ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆ ಮಾನದಂಡ ದಂತ ವೈದ್ಯರನ್ನು ಕೇಳುವುದೇ ಇಲ್ಲ. ಎಂದರೆ, ಕಾಗದದ ಮೇಲಿನ ಪ್ರತಿ ಕುರ್ಚಿಯೂ ತುಂಬಿದರೂ ಲಕ್ಷಕ್ಕೂ ಮೀರಿದ ಬಾಯಿಗಳಿಗೆ ಸರ್ಕಾರದ ಒಂದು ಜೊತೆ ಕೈ!

ಇನ್ನು ಕಾಲೇಜುಗಳ ಕಡೆ ತಿರುಗಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಆರಂಭವಾದದ್ದು 1958ರಲ್ಲಿ. ಇಂದು ರಾಜ್ಯದಲ್ಲಿ 40ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ದೇಶದಲ್ಲಿ 300ಕ್ಕೂ ಹೆಚ್ಚು. ನಮ್ಮ ರಾಜ್ಯದಲ್ಲಿ ಸರ್ಕಾರದವನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಮಿಕ್ಕವೆಲ್ಲ ಖಾಸಗಿಯವು. ನಮ್ಮ ದಾವಣಗೆರೆಯನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾದ ಊರು. ಗಿರಣಿಗಳು ಬಾಗಿಲು ಹಾಕಿದವು. ಕಾಲೇಜುಗಳು ಬಾಗಿಲು ತೆರೆದವು. ಈ ಒಂದು ಊರಿನಲ್ಲೇ ಎರಡು ದಂತ ಕಾಲೇಜುಗಳಿವೆ. ಕಾಲೇಜು ಬರುವುದು ತಪ್ಪೆಂದು ನಾವು ಹೇಳುವುದಿಲ್ಲ. ವಿದ್ಯೆಗೆ ನಾವು ಶತ್ರುಗಳಲ್ಲ. ನಮ್ಮ ಪ್ರಶ್ನೆ ಇಷ್ಟೇ: ಇಷ್ಟು ಸೀಟುಗಳನ್ನು ತೆರೆದದ್ದು ಜನರ ಹಲ್ಲನ್ನು ನೋಡಿಯೋ, ತಂದೆತಾಯಿಯರ ಚೀಲವನ್ನು ನೋಡಿಯೋ?

ಡೊನೇಶನ್ ಹಾವಳಿ ಮಿತಿಮೀರಿದಾಗ 1984ರಲ್ಲಿ ರಾಜ್ಯವೇ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾನೂನು ಮಾಡಿತು. 1992ರಲ್ಲಿ ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಶುಲ್ಕ ಸಲ್ಲದೆಂದಿತು. ಆದದ್ದೇನು? ಹೆಸರು ಬದಲಾಯಿತು. ಮ್ಯಾನೇಜ್‌ಮೆಂಟ್ ಕೋಟಾ ಎಂದರು, ಎನ್.ಆರ್.ಐ. ಕೋಟಾ ಎಂದರು. ಹೊಲ ಮಾರಿ, ಅಂಗಡಿಯನ್ನು ಅಡವಿಟ್ಟು ಮಗಳನ್ನು ಓದಿಸಿದ ತಂದೆಯ ಸಾಲ ಮಾತ್ರ ಹೆಸರು ಬದಲಿಸಲಿಲ್ಲ.

ವ್ಯಾಪಾರಿ ಬಂಧುಗಳೇ, ಮುಂದಿನ ಮಾತು ನಿಮಗೆ ಚೆನ್ನಾಗಿ ತಿಳಿಯುತ್ತದೆ. ದಂತ ವೈದ್ಯ ಬರಿಗೈಯಲ್ಲಿ ಕೂರುವಂತಿಲ್ಲ. ಕುರ್ಚಿ ಬೇಕು, ಕಂಪ್ರೆಸರ್ ಬೇಕು, ಎಕ್ಸ್‌ರೇ ಬೇಕು, ಸಲಕರಣೆ ಕುದಿಸುವ ಯಂತ್ರ ಬೇಕು, ತಪ್ಪದ ಕರೆಂಟು ಬೇಕು. ಮಳಿಗೆಗೆ ಅಡ್ವಾನ್ಸ್ ಕೊಡಬೇಕು. ಓದಿನ ಸಾಲದ ಮೇಲೆ ಇದೊಂದು ಸಾಲ. ಸಾಲ ಮಾಡಿ ಅಂಗಡಿ ಇಡುವವನು ಎಲ್ಲಿ ಇಡುತ್ತಾನೆ? ಗಿರಾಕಿಯ ಕೈಯಲ್ಲಿ ಕಾಸಿರುವಲ್ಲಿ ಇಡುತ್ತಾನೆ. ಅದಕ್ಕೇ ಬೆಂಗಳೂರಿನ ಬಡಾವಣೆಯ ಒಂದೇ ರಸ್ತೆಯಲ್ಲಿ ನಾಲ್ಕು ಹಲ್ಲಿನ ಬೋರ್ಡುಗಳು. ಅಂಗಡಿ ಇಡುವ ಶಕ್ತಿಯಿಲ್ಲದವನು ದೊಡ್ಡ ಕಂಪನಿಯ ಕ್ಲಿನಿಕ್ಕಿನಲ್ಲಿ ಗುಮಾಸ್ತನ ಸಂಬಳಕ್ಕೋ ಕಮಿಷನ್ನಿಗೋ ದುಡಿಯುತ್ತಾನೆ. ಅದೂ ಸಿಗದವನು ಹಲ್ಲಿನ ವಿದ್ಯೆಯನ್ನೇ ಕೈಬಿಟ್ಟು ವಿಮಾ ಕಾಗದ ತಪಾಸಣೆಯ ಕಚೇರಿ ಸೇರುತ್ತಾನೆ. ಇವನೂ ನಮ್ಮ ಗಿರಣಿ ಕೂಲಿಗಾರನ ಅಣ್ಣತಮ್ಮನೇ; ಕೋಟು ಬಿಳಿಯದು, ಅಷ್ಟೆ.

ಪಟ್ಟಣದಲ್ಲಿ ಪೈಪೋಟಿ ಹೆಚ್ಚಿದರೆ ವೈದ್ಯರು ತಾವಾಗಿಯೇ ಹಳ್ಳಿಗೆ ಹರಿದುಹೋಗುತ್ತಾರೆ ಎಂದು ಮುಕ್ತ ಮಾರುಕಟ್ಟೆಯ ಪಂಡಿತರು ಹೇಳುತ್ತಾರೆ. ಇದು ಶುದ್ಧ ಸುಳ್ಳು. ಮಾರುಕಟ್ಟೆ ನೋವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನೋವಿಗೆ ಕೊಡುವ ಹಣವನ್ನು ಹಿಡಿಯುತ್ತದೆ. ಕೋಲಾರ, ಪಾವಗಡ, ರಾಯಚೂರಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ನೀರು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಗೆರೆಯನ್ನು ದಾಟಿದ ನೀರನ್ನು ಕುಡಿದು ಮಕ್ಕಳ ಹಲ್ಲು ಕಂದುಗಟ್ಟಿವೆ. ಆ ಮಕ್ಕಳ ಬಳಿ ನೋವೂ ನಾಚಿಕೆಯೂ ಇವೆ, ದುಡ್ಡಿಲ್ಲ. ಗುಟ್ಕಾವನ್ನು 2013ರಲ್ಲಿ ನಿಷೇಧಿಸಿದರು. ಅಡಿಕೆ ಒಂದು ಚೀಟಿ, ತಂಬಾಕು ಒಂದು ಚೀಟಿಯಾಗಿ ಅದು ಬೇರೆ ದಾರಿಯಲ್ಲಿ ಬಂತು. ಬಾಯಿಯ ಹುಣ್ಣು ಕ್ಯಾನ್ಸರಿಗೆ ತಿರುಗುವ ಮೊದಲೇ ಗುರುತಿಸಬಲ್ಲ ಕಣ್ಣು ದಂತ ವೈದ್ಯನದು. ಆ ಕಣ್ಣು ಎಲ್ಲಿದೆ? ಬೆಂಗಳೂರಿನಲ್ಲಿ ಸಿರಿವಂತರ ಹಲ್ಲಿಗೆ ಹೊಳಪು ಕೊಡುತ್ತಿದೆ!

ಕಾಲೇಜಿನ ಆಸ್ಪತ್ರೆಯಲ್ಲಿ ಕಡಿಮೆ ಖರ್ಚಿಗೆ ನೋಡುತ್ತಾರಲ್ಲ ಎನ್ನಬಹುದು. ನಿಜ. ಆದರೆ ಹಲ್ಲಿನ ಬೇರಿನ ಚಿಕಿತ್ಸೆಗೆ ಎರಡು ಮೂರು ಸಲ ಬರಬೇಕು. ಪ್ರತಿ ಸಲವೂ ಬಸ್ ಚಾರ್ಜು, ಪ್ರತಿ ಸಲವೂ ಒಂದು ದಿನದ ಕೂಲಿ ಖೋತಾ. ಆದುದರಿಂದ ಕೂಲಿಗಾರ, “ಕಿತ್ತುಹಾಕಿಬಿಡಿ ಸ್ವಾಮಿ” ಎನ್ನುತ್ತಾನೆ. ಉಳಿಯಬಹುದಾಗಿದ್ದ ಹಲ್ಲು ಹೀಗೆ ಹೋಗುತ್ತದೆ. ಬಡ ವೃದ್ಧರಿಗೆ ಕಟ್ಟುಹಲ್ಲು ಕೊಡುವ ದಂತ ಭಾಗ್ಯ ಯೋಜನೆಯನ್ನು ರಾಜ್ಯ ಸರ್ಕಾರ ತಂದಿತು, ಅದು ಬೇಡವೆನ್ನುವುದಿಲ್ಲ. ಆದರೆ ಎಲ್ಲ ಹಲ್ಲು ಉದುರುವವರೆಗೆ ಕಾದು ಕೊಡುವ ಭಾಗ್ಯಕ್ಕಿಂತ, ಇರುವ ಹಲ್ಲನ್ನು ಉಳಿಸುವ ವೈದ್ಯ ದೊಡ್ಡ ಭಾಗ್ಯವಲ್ಲವೇ?

ಕಾರ್ಮಿಕ ಬಂಧುಗಳೇ, ಇ.ಎಸ್.ಐ. ಸರ್ಕಾರದ ಭಿಕ್ಷೆಯಲ್ಲ. 2019ರ ಜುಲೈಯಿಂದ ಜಾರಿಗೆ ಬಂದ ದರದಂತೆ ನಮ್ಮ ಸಂಬಳದ ನೂರು ರೂಪಾಯಿಗೆ 75 ಪೈಸೆ ನಾವು ಕೊಡುತ್ತೇವೆ; ಮಾಲೀಕ 3 ರೂಪಾಯಿ 25 ಪೈಸೆ ಕೊಡುತ್ತಾನೆ. ಅದೂ ನಮ್ಮ ದುಡಿಮೆಯಿಂದಲೇ ಹುಟ್ಟಿದ ಹಣ. ಈ ಹಣದಿಂದ ಇ.ಎಸ್.ಐ. ನಿಗಮ ಕಲಬುರಗಿಯಲ್ಲಿ ದಂತ ಕಾಲೇಜನ್ನೇ ನಡೆಸುತ್ತಿದೆ. ಕಾಲೇಜು ನಡೆಸಬಲ್ಲ ನಿಗಮಕ್ಕೆ ಕೂಲಿಕಾರರ ಕೇರಿಯ ಡಿಸ್ಪೆನ್ಸರಿಯಲ್ಲಿ ಒಂದು ದಂತ ಕುರ್ಚಿ ಹಾಕಿಸುವುದು ಭಾರವೇ?

ಆದುದರಿಂದ ನಮ್ಮ ಬೇಡಿಕೆಗಳು ಇವು:

1. ತಾಲ್ಲೂಕು ಆಸ್ಪತ್ರೆ ಮತ್ತು ಸಮುದಾಯ ಕೇಂದ್ರಗಳಲ್ಲಿ ದಂತ ವೈದ್ಯರ ಹುದ್ದೆಗಳು ಗುತ್ತಿಗೆಯವಾಗದೆ ಕಾಯಂ ಆಗಬೇಕು. ಎರಡು ಮೂರು ಪ್ರಾಥಮಿಕ ಕೇಂದ್ರಗಳಿಗೆ ಒಬ್ಬರಂತೆ ಹೊಸ ಹುದ್ದೆ ಬೇಕು. ಈ ಓದಿನಲ್ಲಿ ಹೆಣ್ಣುಮಕ್ಕಳೇ ಹೆಚ್ಚು; ಅವರಿಗೆ ವಾಸಕ್ಕೆ ಭದ್ರವಾದ ಮನೆಯೂ ಸಿಗಬೇಕು.

2. ಪ್ರತಿ ಇ.ಎಸ್.ಐ. ಡಿಸ್ಪೆನ್ಸರಿಯಲ್ಲಿ ದಂತ ಚಿಕಿತ್ಸೆ, ಅದೂ ಪಾಳಿ ಮುಗಿದ ಮೇಲೆ ಸಂಜೆಯ ಹೊತ್ತು.

3. ತಾಲ್ಲೂಕಿನಲ್ಲಿ ಕ್ಲಿನಿಕ್ ಇಡುವವರಿಗೆ ಸಹಕಾರಿ ಬ್ಯಾಂಕುಗಳಿಂದ ಕಡಿಮೆ ಬಡ್ಡಿಯ ಸಾಲ.

4. ಹುದ್ದೆಗಳು ಹೆಚ್ಚುವವರೆಗೆ ಹೊಸ ಖಾಸಗಿ ದಂತ ಕಾಲೇಜಿಗೆ ಅನುಮತಿ ಬೇಡ.

ಯುವ ದಂತ ವೈದ್ಯರೇ, ನಿಮ್ಮನ್ನು ಬಯ್ಯುವವರ ಸಾಲಿನಲ್ಲಿ ನಾವಿಲ್ಲ. ನಿಮ್ಮ ನಿರುದ್ಯೋಗವೂ ನಮ್ಮ ಹಲ್ಲುನೋವೂ ಒಂದೇ ತಾಯಿಯ ಮಕ್ಕಳು. ಬೆಂಗಳೂರಿನ ಕ್ಲಿನಿಕ್ಕುಗಳ ಬಾಗಿಲಲ್ಲಿ ಒಬ್ಬೊಬ್ಬರೇ ನಿಂತು ಕಾಯಬೇಡಿ. ಜಿಲ್ಲಾ ಕಚೇರಿಯ ಬಾಗಿಲಿಗೆ ನಮ್ಮೊಡನೆ ಕೂಡಿ ಬನ್ನಿ. ನೀವು ಕೆಲಸ ಕೇಳಿರಿ, ನಾವು ವೈದ್ಯರನ್ನು ಕೇಳುತ್ತೇವೆ. ಈ ಎರಡು ಕೂಗು ಒಂದಾದ ದಿನ ಸರ್ಕಾರಕ್ಕೆ ನೆವ ಹೇಳಲು ಜಾಗವಿರುವುದಿಲ್ಲ.