ಧ್ವನಿವರ್ಧಕವೋ, ಕೋಣೆಯೋ?

ಹಲಸೂರಿನ ಸೋಮೇಶ್ವರ ದೇವಾಲಯಕ್ಕೆ ಸಮೀಪದ ಓಣಿಯೊಂದರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮನೆಯ ಮಹಡಿಯ ಕೋಣೆಯನ್ನೇ ಧ್ವನಿಮುದ್ರಣಶಾಲೆಯನ್ನಾಗಿ ಮಾಡಿಕೊಂಡಿದ್ದಾನೆ. ಹಾಡುವವಳು ಅಕ್ಕ, ಮೃದಂಗ ಸ್ನೇಹಿತನದು, ಕಂಪ್ಯೂಟರಿನಲ್ಲಿ ಎರಡನ್ನೂ ಬೆರೆಸಿ ಹದಗೊಳಿಸುವ ಕೆಲಸ ಇವನದು. ಇಲ್ಲಿ ಸರಿಯಾಗಿ ಕೇಳಿದ ಹಾಡನ್ನು ಇಂದಿರಾನಗರದ ಮಾವನವರ ಮನೆಯಲ್ಲಿ ಹಾಕಿದರೆ ಮೃದಂಗದ ಎಡಮುಖದ ಗುಂಕಾರವು ಅಕ್ಕನ ಧ್ವನಿಯನ್ನೇ ನುಂಗುತ್ತದೆಯಂತೆ. ಆದುದರಿಂದ ತಂದೆಯವರಿಂದ ಹಣ ಪಡೆದು, ಐದಂಗುಲದ ಮಾನಿಟರ್ ಸ್ಪೀಕರುಗಳಿಗೆ ಬದಲಾಗಿ ಎಂಟಂಗುಲದವನ್ನು ಕೊಳ್ಳಲು ಹೊರಟಿದ್ದನು. ಬೇಡವೆಂದು ನಾವು ಹೇಳಿದೆವು.

ಮನೆಯಲ್ಲಿ ಹಾಡು ಕೇಳುವ ಸ್ಪೀಕರು ಮಂದ್ರವನ್ನು ತುಸು ಉಬ್ಬಿಸಿ, ತಾರವನ್ನು ತುಸು ಮೆರುಗುಗೊಳಿಸಿ ಕಿವಿಯನ್ನು ಸಂತೋಷಪಡಿಸಬಹುದು. ಮಾನಿಟರು ಹಾಗೆ ಮಾಡಕೂಡದು; ಅದು ತಕ್ಕಡಿಯಿದ್ದಂತೆ. ಮೃದಂಗದ ಬಲಮುಖದ ಕರಣೆಯು ಚರ್ಮದ ಅಧಿಸ್ವರಗಳನ್ನು ಮೂಲಸ್ವರದ ಎರಡು, ಮೂರು, ನಾಲ್ಕು, ಐದು ಪಟ್ಟಿಗೆ ಹೊಂದಿಸುತ್ತದೆಂದು ಸಿ. ವಿ. ರಾಮನ್‌ ಅವರು ಎಸ್. ಕುಮಾರ್‌ ಅವರೊಡನೆ 1920ರಲ್ಲಿಯೇ ತೋರಿಸಿದರು. ಬೆಂಗಳೂರಿಗೆ ಬಂದ ಬಳಿಕ ಅದನ್ನೇ ಇನ್ನಷ್ಟು ವಿಸ್ತರಿಸಿ ಬರೆದರು. ಮೃದಂಗದ ನಾದವು ಮೃದಂಗದ್ದೆಂದು ತಿಳಿಯುವುದು ಈ ಸ್ವರಗಳ ಪರಸ್ಪರ ಪ್ರಮಾಣದಿಂದ. ಆ ಪ್ರಮಾಣವನ್ನು ಸ್ಪೀಕರು ಕೆಡಿಸಬಾರದು ಸರಿ. ಆದರೆ ಕೋಣೆ ಕೆಡಿಸಿದರೆ?

ವಿದ್ಯಾರ್ಥಿಯ ಕೋಣೆಯ ಉದ್ದ ಎಂಟೂಮುಕ್ಕಾಲು ಅಡಿ, ಎಂದರೆ ಸುಮಾರು 2.67 ಮೀಟರು. ನಮ್ಮ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 346 ಮೀಟರು. ಇದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 65 ಬರುತ್ತದೆ. ಆಧಾರ ಷಡ್ಜವನ್ನು 131 ಕಂಪನಗಳಿಗೆ ಶ್ರುತಿಮಾಡಿದ ತಂಬೂರಿಯ ಮಂದ್ರ ಷಡ್ಜದ ತಂತಿಯ ಕಂಪನಾಂಕವೂ ಅದೇ. ಆ ಸ್ವರಕ್ಕೆ ಎದುರುಬದುರು ಗೋಡೆಗಳ ನಡುವೆ ಸ್ಥಾಯೀ ತರಂಗ ಏರ್ಪಡುತ್ತದೆ: ಗೋಡೆಗಳ ಬಳಿ ಮೊಳಗು, ನಟ್ಟನಡುವೆ ಬಹುಮಟ್ಟಿಗೆ ಮೌನ. ನಮ್ಮ ಶಿಷ್ಯನ ಕುರ್ಚಿ ಇದ್ದುದು ನಟ್ಟನಡುವೆ! ಕೇಳದ ಮಂದ್ರವನ್ನು ಅವನು ಹೆಚ್ಚಿಸುತ್ತಲೇ ಹೋದನು. ಅದು ಮಾವನವರ ಮನೆಯಲ್ಲಿ ಕೇಳಿಸಿತು. ಎಂಟಂಗುಲದ ಸ್ಪೀಕರು ಗೋಡೆಯ ಬಳಿಯ ಮೊಳಗನ್ನು ಹೆಚ್ಚಿಸೀತು. ನಡುವಿನ ಮೌನವನ್ನು ತುಂಬಲಾರದು.

ಗೋಡೆಗೆ ಅವನು ಮೊಟ್ಟೆಯ ತಟ್ಟೆಗಳನ್ನೂ ಅಂಟಿಸಿದ್ದನು. ಇದು ಎಲ್ಲಿಂದ ಹಬ್ಬಿತೋ ತಿಳಿಯದು. 65 ಕಂಪನಗಳ ಸ್ವರದ ತರಂಗದೂರ ಐದು ಮೀಟರಿಗೂ ಮಿಕ್ಕಿದ್ದು. ಎರಡಂಗುಲದ ಕಾಗದದ ತಟ್ಟೆ ಅದನ್ನು ಹೇಗೆ ತಡೆದೀತು? ಮೂಲೆಗಳಲ್ಲಿ ದಪ್ಪನಾಗಿ ತುಂಬಿದ ಖನಿಜ ಉಣ್ಣೆ ಕೊಂಚ ಹೀರೀತು. ಹತ್ತಿಯ ಹಾಸಿಗೆಯು ಹೆಚ್ಚಾಗಿ ನಡುವಣ ಮತ್ತು ತಾರಸ್ವರಗಳ ಪ್ರತಿಧ್ವನಿಗೆ ಮದ್ದು.

ಐದಂಗುಲದ ಸ್ಪೀಕರು ಅತಿ ಮಂದ್ರದಲ್ಲಿ ಸೊರಗುವುದು ನಿಜ. ಚಲನಚಿತ್ರದ ವಿದ್ಯುತ್ ವಾದ್ಯಗಳ ಸಂಗೀತವನ್ನು ಬೆರೆಸುವವರು ಆ ಭಾಗವನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಪರೀಕ್ಷಿಸಿಕೊಳ್ಳಲಿ. ಗಾಯನಕ್ಕೂ ಮೃದಂಗಕ್ಕೂ, ಒಂದು ಮೀಟರು ದೂರದಲ್ಲಿ ಕುಳಿತು ಕೇಳುವವನಿಗೂ ಅದು ಸಾಕೆಂಬುದು ನಮ್ಮ ಮತ. ಎರಡು ಸ್ಪೀಕರುಗಳೂ ತಲೆಯೂ ಸಮಭುಜ ತ್ರಿಕೋನದ ಮೂರು ಶೃಂಗಗಳಲ್ಲಿರಬೇಕು. ಸ್ಪೀಕರುಗಳನ್ನು ಮೂಲೆಗೆ ಒತ್ತಬಾರದು.

ಅಂದು ಸಂಜೆ ಕಂಪ್ಯೂಟರಿನಿಂದ 65 ಕಂಪನಗಳ ಶುದ್ಧಸ್ವರವನ್ನು ಮೆಲ್ಲಗೆ ಹೊರಡಿಸಿ, ಗೋಡೆಯಿಂದ ಗೋಡೆಗೆ ನಡೆಯಲು ಅವನಿಗೆ ಹೇಳಿದೆವು. ನಡುವೆ ಬಂದಾಗ ಸ್ಪೀಕರು ಕೆಟ್ಟಿತೆಂದು ತಿಳಿದು ತಂತಿಯನ್ನು ಮುಟ್ಟಿನೋಡಿದನು. ಬಳಿಕ ತಾನಾಗಿಯೇ ಕುರ್ಚಿಯನ್ನು ಎದುರುಗೋಡೆಯ ಕಡೆಗೆ ಒಂದಡಿ ಸರಿಸಿ, ಅಕ್ಕನ ಹಾಡನ್ನು ಮೊದಲಿನಿಂದ ಬೆರೆಸಲು ಕುಳಿತನು.